ಆಚೆ ಮನೆಯ ನೀರು ಕುಡಿದ ಹೇಂಟೆ

ನನ್ನ ಕೆಂಪು ಹೇಂಟೆ ಗೋಡೆ ಹಾರಿ ಪಕ್ಕದ ಮನೆಯ ನೀರು ಕುಡಿಯಲು ಶುರುಮಾಡಿದ ದಿನದಿಂದ ನನಗೆ ಆ ಮನೆಯವಳನ್ನು ಕಂಡರಾಗುತ್ತಿರಲಿಲ್ಲ. ನಾವಿರುವ ಕುಲಶೇಖರದಲ್ಲಿ ನಮಗೂ ಅವರಿಗೂ ನಡುವೆ ಇರುವುದು ಸೊಂಟದೆತ್ತರದ ಒಂದೇ ಗೋಡೆ. ಅವಳ ಗಂಡ ದುಬೈಯಲ್ಲಿ ಅಂಗಡಿ ಇಟ್ಟ ಬ್ಯಾರಿ. ಇಲ್ಲಿ ಅವಳೊಬ್ಬಳು, ಜೊತೆಗೆ ಕೆಲವು ಊರ ಕೋಳಿಗಳು.

ಆ ಹೇಂಟೆಯನ್ನು ನಾನು ಸಂತೆಯಿಂದ ತಂದದ್ದಲ್ಲ. ಮರಿಯಾಗಿದ್ದಾಗ ಗಿಡುಗನಿಂದ ಬಿಡಿಸಿ, ಮಳೆಗಾಲವಿಡೀ ಅಡುಗೆಮನೆಯ ಬುಟ್ಟಿಯಲ್ಲಿ ಬೆಚ್ಚಗಿಟ್ಟು ಸಾಕಿದ್ದೆ. ನನ್ನ ಚಪ್ಪಲಿಯ ಸದ್ದಿಗೇ ಓಡಿಬರುತ್ತಿದ್ದ ಅದು ಈಗ ಮೊಟ್ಟೆಯನ್ನೂ ಆಚೆಯೇ ಇಡತೊಡಗಿತು. ಅವಳು ಮೊಟ್ಟೆಯನ್ನು ಪೇಪರಿನಲ್ಲಿ ಸುತ್ತಿ ಗೋಡೆಯ ಮೇಲಿಂದ ಚಾಚುತ್ತಿದ್ದಳು.

"ಅಕ್ಕ, ನಿಮ್ಮ ಕೋಳಿದು. ಇವತ್ತೂ ಇಲ್ಲೇ ಇಟ್ಟಿದೆ."

ಅವಳ ಆ ನಗು ನೋಡದೆ ಮೊಟ್ಟೆ ಕಿತ್ತುಕೊಂಡು ಒಳಗೆ ಹೋಗುತ್ತಿದ್ದೆ. ಕದ್ದಿಟ್ಟುಕೊಂಡಿದ್ದರೆ ಜಗಳವಾದರೂ ಆಡಬಹುದಿತ್ತು.

"ದುಬೈ ಬಾದಾಮಿ ಪುಡಿ ಮಾಡಿ ಹಾಕ್ತಾಳೆ, ಅದಕ್ಕೇ ಹೋಗುವುದು" ಎಂದೆ ಗಂಡನ ಹತ್ತಿರ.

"ಬಾದಾಮಿ ಅಲ್ಲಿರಲಿ. ನಿನ್ನ ಕಲ್ಲಿನೊಳಗೆ ಎಂತ ಉಂಟು ಅಂತ ಒಮ್ಮೆ ಬಗ್ಗಿ ನೋಡು ಮಾರಾಯ್ತಿ."

ಕಲ್ಲೆಂದರೆ ನನ್ನ ತಾಯಿಮನೆಯಿಂದ ಬಂದ ಅರೆಯುವ ಕಲ್ಲು. ಗ್ರೈಂಡರ್ ಬಂದ ಮೇಲೆ ಅದು ಅಂಗಳಕ್ಕೆ ಬಿತ್ತು, ಅದರ ಗುಂಡಿ ಕೋಳಿಗಳ ನೀರಿಗಾಯಿತು. ಈ ಕಡೆ ಎಷ್ಟೋ ಮನೆಗಳಲ್ಲಿ ಹಾಗೆಯೇ. ಮಗುಚಿ ತೊಳೆಯಲು ಕಲ್ಲು ಅಲ್ಲಾಡಬೇಕಲ್ಲ? ನಿನ್ನೆಯ ನೀರಿನ ಮೇಲೆಯೇ ಇಂದಿನ ನೀರು ಹೊಯ್ಯುತ್ತಿದ್ದೆ. ಉಳಿದ ಗಂಜಿಯನ್ನು ಅದರ ಬುಡಕ್ಕೇ ಚೆಲ್ಲುತ್ತಿದ್ದೆ. ಬಗ್ಗಿ ನೋಡಿದರೆ ಪಾಚಿ, ಹಿಕ್ಕೆ, ಹುಳಿ ನಾತ. ಗಂಡನಿಗೆ ಮಾತ್ರ ಏನೂ ಇಲ್ಲವೆಂದೆ.

ಬಟ್ಟೆ ಒಣಹಾಕುವ ನೆಪದಲ್ಲಿ ಆಚೆ ಇಣುಕತೊಡಗಿದೆ. ಬಾದಾಮಿ ಎಲ್ಲೂ ಕಾಣಲಿಲ್ಲ. ತಟ್ಟೆಯಲ್ಲಿ ಬೋರಲು ನಿಲ್ಲಿಸಿದ ನೀರಿನ ಬಾಟಲಿ, ತಟ್ಟೆಯಡಿ ಇಟ್ಟಿಗೆ. ಕೋಳಿಯ ಬೆನ್ನಿನೆತ್ತರಕ್ಕೆ ಇದ್ದುದರಿಂದ ಕೆದರಿದ ಮಣ್ಣು ನೀರಿಗೆ ಬೀಳುತ್ತಿರಲಿಲ್ಲ. ಬೆಳಿಗ್ಗೆ ಎದ್ದವಳೇ ತಟ್ಟೆ ಉಜ್ಜಿ ಹೊಸ ನೀರು ತುಂಬುತ್ತಿದ್ದಳು. ತಿಂದುಳಿದ ಕಾಳನ್ನು ಇಲಿ ಬರುವ ಮೊದಲೇ, ಕತ್ತಲಾಗುವುದರೊಳಗೆ ತೆಗೆಯುತ್ತಿದ್ದಳು. ಆಮೇಲೆ ಸೋಪು ಹಾಕಿ ಕೈ ತೊಳೆಯುತ್ತಿದ್ದಳು. ಎಂಥ ಉಪಚಾರ, ಎಂದು ಗೊಣಗಿದೆ. ಮರುದಿನವೇ ಅವಳಿಗೆ ಕಾಣದಂತೆ ನಮ್ಮ ಮನೆಯ ಹಿಂದೆ ಎಲ್ಲವನ್ನೂ ಹಾಗೆಯೇ ಮಾಡಿದೆ. ಕೆಂಪು ಹೇಂಟೆ ಬಂತು, ಒಂದು ಗುಟುಕು ಕುಡಿಯಿತು, ಗೋಡೆ ಹಾರಿ ಹೋಯಿತು. ಹಿತ್ತಲ ಗಿಡ ಮದ್ದಲ್ಲ.

ಹೀಗಿರುವಾಗ ಅವಳೇ ದುಬೈಗೆ ಹೊರಟಳು, ಕೆಲವು ತಿಂಗಳು ಗಂಡನ ಜೊತೆ ಇದ್ದು ಬರಲು. ಕೋಳಿಗಳನ್ನೆಲ್ಲ ನನ್ನ ಅಂಗಳಕ್ಕೆ ತಂದು ಬಿಟ್ಟಳು.

"ನಿಮ್ಮಷ್ಟು ಚೆಂದ ಯಾರೂ ನೋಡಿಕೊಳ್ಳುವುದಿಲ್ಲ ಅಕ್ಕ. ಮನೆ ಹಿಂದೆ ನಿಮ್ಮ ಬಾಟಲಿ ನೋಡಿದ್ದೇನೆ."

ನೋಡಿದ್ದಾಳೆ! ಮುಖ ಎಲ್ಲಿಡುವುದೆಂದು ತಿಳಿಯಲಿಲ್ಲ. ಆದರೂ ಖುಷಿಯಿಂದಲೇ ಒಪ್ಪಿದೆ. ಆಚೆ ನೀರೂ ಇಲ್ಲ, ಕಾಳೂ ಇಲ್ಲ, ಅವಳೂ ಇಲ್ಲ. ಇನ್ನು ನನ್ನ ಹೇಂಟೆ ಎಲ್ಲಿಗೆ ಹೋದೀತು? ಹೋಗಲೂ ಇಲ್ಲ. ನನ್ನ ತಟ್ಟೆಯಲ್ಲೇ ಕುಡಿಯಿತು, ನನ್ನ ಬುಟ್ಟಿಯಲ್ಲೇ ಮೊಟ್ಟೆ ಇಟ್ಟಿತು. ಅಂತೂ ಗೆದ್ದೆ ಎಂದುಕೊಂಡೆ.

ಒಂದು ಸಂಜೆ ಅವಳು ವಿಡಿಯೊ ಕಾಲ್ ಮಾಡಿದಳು. ಕೋಳಿಗಳನ್ನು ತೋರಿಸಬೇಕಂತೆ. ನಾನು ಆಗಷ್ಟೇ ಕಾಳು ಹಾಕಿದ್ದೆ, ಎಲ್ಲ ತಲೆ ತಗ್ಗಿಸಿ ತಿನ್ನುತ್ತಿದ್ದವು. ಅವಳು "ಬಾ ಬಾ ಬಾ" ಎಂದು ಕರೆದಳು. ಅವಳ ಕೋಳಿಗಳು ಒಮ್ಮೆ ಕತ್ತೆತ್ತಿ ಮತ್ತೆ ಕಾಳಿಗೆ ಬಾಗಿದವು. ಕಾಳು ಬಿಟ್ಟು ಓಡಿಬಂದದ್ದು ನನ್ನ ಕೆಂಪು ಹೇಂಟೆ ಮಾತ್ರ.

"ಅಯ್ಯೋ, ನಿಮ್ಮದಲ್ವಾ ಅಕ್ಕ ಅದು?" ಎಂದು ಅವಳು ನಕ್ಕಳು.

"ನೆಟ್‌ವರ್ಕ್ ಸರಿ ಇಲ್ಲ" ಎಂದು ನಾನು ಫೋನ್ ಕಟ್ ಮಾಡಿದೆ.

ಕೆಂಪು ಹೇಂಟೆ ನನ್ನ ಕೈಯ ಫೋನನ್ನೇ ನೋಡುತ್ತಾ ಬಹಳ ಹೊತ್ತು ನಿಂತಿತ್ತು.