ಎಣ್ಣೆ ನೀರಿನ ಡಾಕ್ಟರು

ಎನ್.ಆರ್. ಕಾಲೋನಿಯ ಡಾಕ್ಟರ್ ಚೂಡಾಮಣಿಗೆ ಬೆನ್ನ ಹಿಂದೆ ಒಂದು ಹೆಸರಿದೆ, ಎಣ್ಣೆ ನೀರಿನ ಡಾಕ್ಟರು. ಅವರು ಎಣ್ಣೆ ಮಾರುವವರಲ್ಲ, ನೀರು ಹೊಯ್ಯುವವರೂ ಅಲ್ಲ. ಮೂವತ್ತು ವರ್ಷದಿಂದ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗದ ಬೆನ್ನು ಬಿದ್ದವರು. ಓದುವ ಕಾಲದಲ್ಲಿ ಅವರ ಪ್ರೊಫೆಸರು, "ಅದು ಚಳಿ ದೇಶದವರ ಕಾಯಿಲೆ ಕಣಮ್ಮ, ನಮ್ಮವರಿಗೆ ಎಲ್ಲಿಂದ ಬರ್ಬೇಕು" ಎಂದು ನಕ್ಕಿದ್ದರು. ಚೂಡಾಮಣಿಯದು ಮೊಂಡು ಹಟ. ಹುಡುಕಿದರು, ಸಿಕ್ಕಿತು. ರೋಗ ಸಿಕ್ಕಿತೆಂದು ಮೈಸೂರುಪಾಕು ಹಂಚಿದ ಡಾಕ್ಟರು ಊರಲ್ಲಿ ಅವರೊಬ್ಬರೇ ಇರಬೇಕು.

ಈ ರೋಗದವರಿಗೆ ಮೈ ಕಾದರೆ ಕಣ್ಣು ಮಂಜಾಗುತ್ತದೆ, ಕಾಲು ಸೋಲುತ್ತದೆ. ತಣ್ಣಗಾದರೆ ಮತ್ತೆ ಸರಿ. ಹಾಗಾಗಿ ಅವರ ಮೊದಲ ಪ್ರಶ್ನೆಯೇ, "ಹಬ್ಬದ ಎಣ್ಣೆ ನೀರು ಆದ್ಮೇಲೆ ಹೇಗಿತ್ತು?" ಇದನ್ನೇ ಪ್ರಬಂಧ ಬರೆದು ಹೊರದೇಶಕ್ಕೆ ಕಳಿಸಿದರೆ, ಆ ನೀರು ಎಷ್ಟು ಬಿಸಿ ಎಂದು ಅಲ್ಲಿಯವರು ಕೇಳಿದರು. ಚೂಡಾಮಣಿ ಥರ್ಮಾಮೀಟರ್ ಹಿಡಿದು ಬಸವನಗುಡಿಯಿಂದ ಗವಿಪುರದವರೆಗೆ ಬಚ್ಚಲು ಬಚ್ಚಲು ಹೊಕ್ಕರು. ಒಬ್ಬ ಅಜ್ಜಿ, "ನಮ್ಮ ಹಂಡೆಗೆ ಜ್ವರ ಎಷ್ಟಿದ್ಯಮ್ಮ?" ಎಂದು ವಿಚಾರಿಸಿಕೊಂಡರು.

ಈ ಸಲ ದೀಪಾವಳಿ ಮುಗಿದ ಮೇಲೆ ಚಾಮರಾಜಪೇಟೆಯ ಗುರುಬಸಮ್ಮ ಸೊಸೆ ಶಿವಾನಿಯನ್ನು ಕರೆತಂದರು.

"ಗೀಸರ್ ನೀರು ಸಾಲ್ದು ಅಂತ ಒಲೆ ಮೇಲೆ ಕಾಯ್ಸಿ ಎರಡು ಬಿಂದಿಗೆ ಜಾಸ್ತೀನೇ ಹುಯ್ದೆ, ಕೈಕಾಲು ಗಟ್ಟಿ ಆಗ್ಲಿ ಅಂತ. ಹೋಳಿಗೆ ತಟ್ಟೋ ಹೊತ್ತಿಗೆ ಕಾಲೇ ಏಳಲ್ಲ ಅಂತ ಮಲಗಿದ್ಲು. ಸಾಯಂಕಾಲ ದೀಪ ಹಚ್ಚೋಕೆ ಎದ್ಲು. ಯುಗಾದೀಲೂ ಇದೇ ಕತೆ. ಇದಕ್ಕೇನಂತೀರಿ?"

ಶಿವಾನಿ ನೆಲ ನೋಡುತ್ತಿದ್ದಳು. ಕೆಲಸ ತಪ್ಪಿಸುವ ನಾಟಕ ಎಂಬ ಮಾತು ಅತ್ತೆಯ ಬಾಯಿಂದ ಹೊರಟು ತವರಿಗೂ ಮುಟ್ಟಿತ್ತು. ಹೆತ್ತ ತಾಯಿಯೇ "ಹೊಂದ್ಕೊಂಡು ಹೋಗು" ಎಂದಿದ್ದಳು. ಈ ರೋಗಕ್ಕೆ ಔಷಧಿ ವರ್ಷಗಟ್ಟಲೆ ಬೇಕು. ಮನೆಯವರು ನಂಬದಿದ್ದರೆ ಅದು ನಡೆಯುವುದುಂಟೇ?

ಮರುವಾರ ಸ್ಕ್ಯಾನ್ ಬಂತು. ಮಿದುಳಿನ ಚಿತ್ರದಲ್ಲಿ ಬಿಳಿ ಚುಕ್ಕೆಗಳು. ಚೂಡಾಮಣಿ ಅತ್ತೆಯನ್ನೇ ಪಕ್ಕಕ್ಕೆ ಕೂರಿಸಿಕೊಂಡು ತೋರಿಸಿದರು. "ವೈರ್ ಮೇಲಿನ ಕವರ್ ಸವೆದ ಹಾಗೆ, ನರದ ಮೇಲಿನ ಪೊರೆ ಸವೆದಿದೆ. ಬಿಸಿ ತಾಗಿದ್ರೆ ಕರೆಂಟ್ ಹರಿಯಲ್ಲ. ಇನ್ಮೇಲೆ ಉಗುರು ಬೆಚ್ಚಗಿನ ನೀರು ಸಾಕು."

"ಅದರಲ್ಲಿ ಎಣ್ಣೆ ಜಿಡ್ಡು ಹೋಗುತ್ತಾ?"

"ಜಿಡ್ಡು ಇರ್ಲಿ ಬಿಡಿ ಅಮ್ಮ. ಕಾಲು ಉಳೀಬೇಕಲ್ಲ."

ಶಿವಾನಿ ತಲೆಯೆತ್ತಿದಳು. ಗುಣವಾಗುತ್ತದೆಯೇ ಎಂದು ಕೇಳುತ್ತಾಳೆಂದು ಚೂಡಾಮಣಿ ಉತ್ತರ ಜೋಡಿಸಿಕೊಳ್ಳುತ್ತಿದ್ದರು.

"ಹಾಗಾದ್ರೆ ನಾನು ನಾಟಕ ಆಡ್ತಿರ್ಲಿಲ್ಲ ಅಲ್ವಾ ಮೇಡಂ?" ಎಂದಳು. "ನನಗೇ ಅನುಮಾನ ಬಂದ್ಬಿಟ್ಟಿತ್ತು."

ಚೂಡಾಮಣಿ ಬಾಯಿ ತೆರೆಯುವಷ್ಟರಲ್ಲಿ ಗುರುಬಸಮ್ಮ ಚೀಲದಿಂದ ಫೋನ್ ತೆಗೆದು, ಹೊರಗೆ ಹದಿನಾಲ್ಕು ಜನ ಕಾಯುತ್ತಿರುವುದನ್ನೂ ಲೆಕ್ಕಿಸದೆ ನಂಬರ್ ಒತ್ತಿದರು.

"ಬೀಗಿತ್ತಿ, ನಾನು ಗುರುಬಸಮ್ಮ. ನಿಮ್ಮ ಮಗಳ ಮೇಲೆ ನಾನು ಹೇಳಿದ್ದೆಲ್ಲ ತಪ್ಪು. ಅವಳ ಪಕ್ಕದಲ್ಲೇ ಕೂತು ಹೇಳ್ತಿದೀನಿ."