ಹಿಂದಿರುಗುವ ಪೈಪು

ವಾರ್ವಿಕ್‌ನ ಪಟ್ಟಾಭಿ ಅಂಕಲ್ ಯಾರನ್ನೂ ಊಟಕ್ಕೆ ಕರೆಯುವುದಿಲ್ಲ, ಸ್ನಾನಕ್ಕೆ ಕರೆಯುತ್ತಾರೆ, ಟಪಾಲಿನವನನ್ನೂ ಬಿಟ್ಟಿಲ್ಲ. ಹಿತ್ತಲಿನ ಸೌದೆ ಬಾಯ್ಲರಿನಿಂದ ನೆಲದಡಿ ಪೈಪು ಎಳೆದು ಮನೆಯ ವಾಟರ್ ಹೀಟರಿಗೆ ತಾವೇ ಜೋಡಿಸಿದ್ದಾರೆ; ಬಾಯ್ಲರಿನ ನೀರು ಒಂದು ಪೈಪಿನಲ್ಲಿ ಬಂದು ಹೀಟರಿನ ನೀರನ್ನು ಕಾಯಿಸಿ ಇನ್ನೊಂದರಲ್ಲಿ ವಾಪಸಾಗುತ್ತದೆ. ಬಂದವರು ಕೋಟು ಕಳಚುವ ಮೊದಲೇ "ಹಂಡೆ ನೀರಿನ ಹದ ಕಣ್ರೀ, ಎರಡು ಚೊಂಬು ಹುಯ್ಕೊಳ್ಳಿ" ಎನ್ನುತ್ತಾರೆ. ಎಡಿಸನ್ ಊರಿನಿಂದ ಕಾರಿನಲ್ಲಿ ಬಂದ ಅತಿಥಿಗಳು "ಶವರ್ ಮಾಡ್ಕೊಂಡೇ ಬಂದ್ವಿ ಅಂಕಲ್" ಎಂದು ನಗುತ್ತಾರೆ. ಆಗ ಅವರನ್ನು ಬೇಸ್‌ಮೆಂಟಿಗೆ ಕರೆದೊಯ್ದು, ಬಾಯ್ಲರಿಗೆ ಹಿಂದಿರುಗುವ ಪೈಪನ್ನು ಮುಟ್ಟಿಸುತ್ತಾರೆ: "ಮೇಲೆ ಯಾರಾದ್ರೂ ಸ್ನಾನ ಮಾಡಿದ್ರೆ ಇದರ ಬಿಸಿ ಇಳಿಯತ್ತೆ. ನಮ್ಮನೆಯವಳು ಬಚ್ಚಲಿಗೆ ಹೋಗಿದ್ದು ನನಗೆ ಇಲ್ಲೇ ಗೊತ್ತಾಗ್ತಿತ್ತು." ಆಕೆ ತೀರಿಕೊಂಡ ಮೇಲೆ, ಅವರು ಕೆಳಗೆ ನಿಂತಾಗ ಮೇಲೆ ಸ್ನಾನ ಮಾಡುವವರಿಲ್ಲ; ಬಿಸಿಯಾಗಿ ಹೋದ ನೀರು ಅಷ್ಟೇ ಬಿಸಿಯಾಗಿ ಹಿಂದಿರುಗುತ್ತದೆ. ಅತಿಥಿಗಳ ಕಾರು ತಿರುವು ದಾಟಿದ ಮೇಲೆ ಪಟ್ಟಾಭಿ ಮೇಲಿನ ಬಚ್ಚಲಿಗೆ ಹೋಗಿ, ಬಿಸಿನೀರಿನ ನಲ್ಲಿ ತಿರುಗಿಸಿ, ಹಾಗೇ ಬಿಟ್ಟು ಕೆಳಗಿಳಿಯುತ್ತಾರೆ; ಪೈಪಿನ ಬಿಸಿ ಇಳಿಯುವವರೆಗೂ ಅದರ ಮೇಲೆ ಕೈಯಿಟ್ಟು ನಿಲ್ಲುತ್ತಾರೆ.