ಪಿಕಪ್ಪಿನ ಪಾಟಾ, ಅಕ್ಕನ ಕನ್ನಡ

ನಮ್ಮ ಪಿಕಪ್ಪಿನ ಸೊಂಟ ಮುರಿದದ್ದು ಏಕೀಕರಣದ ಮೆರವಣಿಗೆಯಲ್ಲಿ. ನಗಬೇಡಿ, ನಿಜವಾಗಿಯೂ.

ಮಹಾಯುದ್ಧಕ್ಕೂ ಮೊದಲಿನ ಗಾಡಿ ಅದು. ಸಗರದಿಂದ ಶಹಾಪುರದ ಪೇಟೆಗೆ ಶೇಂಗಾ ಹೊತ್ತು ಹೊತ್ತು ಹಿಂದಿನ ಪಾಟಾಗಳು (ಭಾರ ತಡೆಯುವ ಬಾಗಿದ ಉಕ್ಕಿನ ಪಟ್ಟಿಗಳು) ಸವೆದುಹೋಗಿದ್ದವು. ಅದನ್ನು ಹೇಳಿಯೇ ಮೆರವಣಿಗೆ ಸಮಿತಿಗೆ ಗಾಡಿ ಕೊಟ್ಟೆ. ಕೇಳಿದರೇ? ಭುವನೇಶ್ವರಿಯ ಚಿತ್ರ, ಮೈಕು, ಬ್ಯಾಟರಿ, ಭಾಷಣಕಾರರು, ಭಾಷಣಕಾರರ ಶಿಷ್ಯರು, ಎಲ್ಲರೂ ಹಿಂದೆಯೇ ಹತ್ತಿದರು. ಮೊದಲ ತಗ್ಗಿನಲ್ಲೇ ಫಟ್ ಎಂದಿತು. ಗಾಡಿ ಕುಕ್ಕರಿಸಿತು. ಎಲ್ಲರೂ ಇಳಿದು ಹೂಮಾಲೆ ಸರಿಮಾಡಿಕೊಂಡು ಜೈಕಾರ ಹಾಕುತ್ತ ನಡೆದೇ ಹೋದರು. ಗಾಡಿಯ ಹತ್ತಿರ ಉಳಿದವನು ನಾನೊಬ್ಬನೇ.

ಬೇರೆ ಸಮಯವಾಗಿದ್ದರೆ ಗೊಣಗಿ ಸುಮ್ಮನಾಗುತ್ತಿದ್ದೆ. ಆದರೆ ಆ ವಾರವೇ ಅಕ್ಕನಿಗೆ ಯಾದಗಿರಿಯಲ್ಲಿ ಇಂಟರ್‌ವ್ಯೂ. ಕನ್ನಡ ಶಾಲೆಗೆ ಟೀಚರುಗಳನ್ನು ಆರಿಸುತ್ತಿದ್ದರು. ಇಂಟರ್‌ವ್ಯೂ ಬೆಳಿಗ್ಗೆ, ಬಸ್ಸು ಅಲ್ಲಿ ಮುಟ್ಟುವುದು ಮಧ್ಯಾಹ್ನ.

ಅಕ್ಕ ಯಾರೆಂದು ಹೇಳಬೇಕು. ನಿಜಾಮರ ಕಾಲದಲ್ಲಿ ನಮ್ಮ ಕಡೆ ಶಾಲೆಯೆಂದರೆ ಉರ್ದು. ಆಗ ಮನೆಯ ಪಡಸಾಲೆಯಲ್ಲಿ ಊರ ಮಕ್ಕಳನ್ನು ಕೂಡಿಸಿ ಕನ್ನಡ ಅಕ್ಷರ ತಿದ್ದಿಸಿದವಳು ಅವಳು. ಪೊಲೀಸರು ಬಂದು ಗದರಿದರು. ಅವರು ಹೋದ ಮೇಲೆ ಮತ್ತೆ ಮಕ್ಕಳನ್ನು ಕೂಡಿಸಿದಳು. ಇಂಥವಳಿಗೆ ಇಂಟರ್‌ವ್ಯೂ ಯಾಕೆ ಬೇಕಿತ್ತು ಎಂದು ನೀವೇ ಹೇಳಿ.

ಎತ್ತು ಕಟ್ಟಿ ಪಿಕಪ್ಪನ್ನು ಶಹಾಪುರಕ್ಕೆ ಎಳೆಸಿದೆ. ಅಲ್ಲಿ ಗಾಡಿ ರಿಪೇರಿ ಮಾಡುವ ಖಾದರ್ ಮಿಸ್ತ್ರಿ ಅಕ್ಕನ ಇಂಟರ್‌ವ್ಯೂ ಸಂಗತಿ ಕೇಳಿಕೊಂಡೇ ಗಾಡಿಯ ಕೆಳಗೆ ಹೊಕ್ಕು ಹೊರಗೆ ಬಂದ.

"ಇವು ಕಮಾನ ಅಲ್ರಿ ಗೌಡ್ರ, ಹಲಗಿ ಆಗ್ಯಾವ. ದೊಡ್ಡ ಪಾಟಾ ಮುರದದ. ಪಿನ್ನೂ ಖಲಾಸ್."

"ಹೊಸಾದು ಸಿಗ್ತದೇನು?"

"ಹೈದರಾಬಾದಿನಿಂದ ತರಸ್ಬೇಕ್ರಿ. ಅದು ಬರೂತನಕ ಅಕ್ಕಾರ ಇಂಟರ್‌ವ್ಯೂ ನಿಂದ್ರತದೇನು?"

ಕೆಟ್ಟು ನಿಂತಿದ್ದ ಲಾರಿಯೊಂದರ ಪಾಟಾ ಬಿಚ್ಚಿದ. ಅಳತೆಗೆ ಕತ್ತರಿಸಿ, ಕುಲುಮೆಯಲ್ಲಿ ಕೆಂಪಗೆ ಕಾಸಿ, ಬಡಿದು ಬಾಗಿಸಿದ. ನಾನೂ ಸುತ್ತಿಗೆ ಹಿಡಿದೆ (ಅಂಗೈ ಬೊಬ್ಬೆ ಇನ್ನೂ ಆರಿಲ್ಲ). ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿ, ಬೋಲ್ಟು ಬಿಗಿದು, ಹೊಸ ಪಿನ್ನು ಹಾಕಿದಾಗ ಗಾಡಿಯ ಹಿಂಭಾಗ ಎದ್ದು ನಿಂತಿತು. ನಾವಿಬ್ಬರೂ ಅದರ ಮೇಲೆ ಹತ್ತಿ ಕುಣಿದೆವು. ತಡೆಯಿತು.

ಹೇಳಿದ ಹೊತ್ತಿಗಿಂತ ಮೊದಲೇ ಯಾದಗಿರಿ ಮುಟ್ಟಿದೆವು. ಅಕ್ಕ ಇಳಿದು ಸೀರೆಯ ಧೂಳು ಕೊಡವಿಕೊಂಡು ಒಳಗೆ ಹೋದಳು. ಬಾಗಿಲು ತೆರೆದೇ ಇತ್ತು. ನಾನು ಹೊರಗೆ ನಿಂತು ಕೇಳಿದೆ.

ಮೈಸೂರಿನ ಕಡೆಯಿಂದ ಬಂದ ಅಧಿಕಾರಿ ಅನುಭವ ಕೇಳಿದರು.

"ನಿಜಾಮರ ಕಾಲದಾಗಿಂದ ಮನ್ಯಾಗ ಹುಡುಗರಿಗೆ ಕನ್ನಡ ಕಲಸಾಕತ್ತೀನ್ರಿ" ಎಂದಳು ಅಕ್ಕ.

ಅಧಿಕಾರಿ ಪಕ್ಕದವರ ಮುಖ ನೋಡಿದರು. ಇಬ್ಬರೂ ನಕ್ಕರು.

"ಮೊದಲು ತಾವು ಶುದ್ಧವಾದ ಕನ್ನಡ ಕಲಿತುಕೊಳ್ಳಿ ಅಮ್ಮ. ಮಕ್ಕಳಿಗೆ ಆಮೇಲೆ ಕಲಿಸುವಿರಂತೆ."

ಅಷ್ಟೇ. ಮುಂದಿನವರನ್ನು ಕರೆದರು.

ಹೊರಗೆ ಬಂದ ಅಕ್ಕನ ಮುಖ ನೋಡುವ ಧೈರ್ಯ ನನಗಾಗಲಿಲ್ಲ. ಒಳನುಗ್ಗಿ ಎರಡು ಮಾತು ಆಡಬೇಕೆಂದಿದ್ದೆ. ಅವಳೇ ತೋಳು ಹಿಡಿದು ಗಾಡಿಗೆ ಕರೆತಂದಳು. ಅತ್ತಿದ್ದರೆ ಸಮಾಧಾನ ಮಾಡುತ್ತಿದ್ದೆ. ಅಳಲೂ ಇಲ್ಲ. ಗಾಡಿ ಭೀಮಾ ನದಿ ದಾಟಿತು. ಆಮೇಲೆ ನನ್ನ ಕಡೆ ತಿರುಗಿದಳು.

"ನಿಜಾಮನ ಮಂದಿ ನಮ್ಮ ಕನ್ನಡ ಕೇಳಿ ಸಿಟ್ಟಿಗೇಳ್ತಿದ್ರು, ತಮ್ಮಾ. ಇವ್ರು ಯಾಕ ನಕ್ರು?"